ಅಕ್ಕಿಯ ಮೂಟೆಯೂ ದಿಯೆನ್ ಬಿಯೆನ್ ಫುವೂ

ತ್ಯಾವಣಿಗೆಯ ಗದ್ದೆಬದುವಿನ ಮೇಲೆ ಭತ್ತದ ಮೂಟೆಯನ್ನು ಹೊತ್ತು ರಸ್ತೆಗೆ ಸೇರಿಸುವ ಆಳಿಗೆ ಒಂದು ಫರ್ಲಾಂಗು ಎಷ್ಟು ದೂರವೆಂಬುದು ಬಲ್ಲ ಸಂಗತಿ. 1954ರಲ್ಲಿ ಫ್ರೆಂಚ್ ಸೇನಾನಿಗಳ ಲೆಕ್ಕ ತಪ್ಪಿದುದು ಇಂತಹ ಆಳಿನ ಹೆಗಲನ್ನು ಎಣಿಸುವಲ್ಲಿಯೇ.

ಈ ಲೆಕ್ಕವು ನಮ್ಮ ಸೀಮೆಗೆ ಹೊಸದಲ್ಲ. ಚನ್ನಗಿರಿಯವನೆಂದು ಹೇಳಲಾಗುವ ಧೋಂಡಿಯ ವಾಘನನ್ನು 1800ರಲ್ಲಿ ಆರ್ಥರ್ ವೆಲ್ಲೆಸ್ಲಿಯು ಬೆನ್ನಟ್ಟಿ ಸೆಪ್ಟೆಂಬರ್ 10ರಂದು ಕೊಂದನು. ಧೋಂಡಿಯನಿಗೆ ಕುದುರೆಗಳ ಕೊರತೆಯಿರಲಿಲ್ಲ. ಆದರೆ ವೆಲ್ಲೆಸ್ಲಿಯ ಕಣ್ಣು ಎತ್ತುಗಳ ಮೇಲೂ ಬಂಜಾರರು ತರುತ್ತಿದ್ದ ಧಾನ್ಯದ ಮೇಲೂ ಇದ್ದಿತು. ಅಂದು ದವಸವನ್ನು ಕಾಯ್ದುಕೊಂಡವನು ಪರಕೀಯನು. ವಿಯೆಟ್ನಾಮಿನಲ್ಲಿ ಅದು ತಿರುವುಮುರುವಾಯಿತು.

ಆ ಯುದ್ಧದ ಆರಂಭದಲ್ಲಿ ನಾವು ನಾಚಬೇಕಾದ ಒಂದು ಪ್ರಕರಣವುಂಟು. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಅವರು ಹನೋಯಿಯಲ್ಲಿ ಸ್ವಾತಂತ್ರ್ಯವನ್ನು ಸಾರಿದರು. ಜಪಾನೀಯರ ಶಸ್ತ್ರ ಕಳಚಲೆಂದು ಅದೇ ತಿಂಗಳು ಸೈಗಾನಿಗೆ ಹೋದುದು ಜನರಲ್ ಗ್ರೇಸಿಯ 20ನೆಯ ಇಂಡಿಯನ್ ಡಿವಿಜನ್. ಗ್ರೇಸಿಯು ಸೆರೆಯಲ್ಲಿದ್ದ ಫ್ರೆಂಚರ ಕೈಗೆ ಕೋವಿಗಳನ್ನು ಕೊಟ್ಟನು. 23ರಂದು ಅವರು ನಗರದ ಕಚೇರಿಗಳನ್ನು ಆಕ್ರಮಿಸಿದರು. ತಾವೇ ಪರಾಧೀನರಾಗಿದ್ದ ನಮ್ಮ ಸಿಪಾಯಿಗಳು ಪರರ ಸ್ವಾತಂತ್ರ್ಯವನ್ನು ಅಡಗಿಸಲು ನಿಲ್ಲಬೇಕಾಯಿತು. ನೆಹರೂ ಅವರು ಇದನ್ನು ಬಹಿರಂಗವಾಗಿ ಖಂಡಿಸಿದರು.

ಫ್ರೆಂಚರಿಗೆ ಮೊದಲ ದೊಡ್ಡ ಪೆಟ್ಟು ಬಿದ್ದುದು 1950ರ ಅಕ್ಟೋಬರಿನಲ್ಲಿ. ಚೀಣದ ಗಡಿಯ ಕಾವ್ ಬಾಂಗ್ ಠಾಣ್ಯವನ್ನು ಬಿಟ್ಟು ಹಿಂದೆಗೆಯುತ್ತಿದ್ದ ದಂಡೂ, ಅದನ್ನು ಎದುರ್ಗೊಳ್ಳಲು ಹೊರಟ ದಂಡೂ ಕಾಡುಬೆಟ್ಟಗಳ ನಡುವೆ ನಾಶವಾದುವು. ಆ ಭಯಕ್ಕೆ ಲಾಂಗ್ ಸಾನ್ ಪಟ್ಟಣವನ್ನು ತೆರವು ಮಾಡಿ, ಅಲ್ಲಿದ್ದ ಮದ್ದುಗುಂಡಿನ ರಾಶಿಯನ್ನು ಶತ್ರುವಿಗೇ ಬಿಟ್ಟುಹೋದರು.

ಇಷ್ಟಾದರೂ ಪಾಠ ಕಲಿಯಲಿಲ್ಲ. 1953ರ ನವೆಂಬರ್ 20ರಂದು ಹನೋಯಿಗೆ ಸುಮಾರು 185 ಮೈಲಿ ದೂರದ ದಿಯೆನ್ ಬಿಯೆನ್ ಫು ಕಣಿವೆಯಲ್ಲಿ ಪ್ಯಾರಾಶೂಟಿನ ಸೈನಿಕರನ್ನು ಇಳಿಸಿದರು. ಅನ್ನ, ಗುಂಡು, ಔಷಧ ಎಲ್ಲವೂ ಆಕಾಶಮಾರ್ಗವಾಗಿಯೇ ಬರತಕ್ಕದ್ದು. ಸುತ್ತಲ ಬೆಟ್ಟಗಳಿಗೆ ಭಾರೀ ತೋಪುಗಳನ್ನು ಏರಿಸುವುದು ವಿಯೆಟ್ನಾಮೀಯರಿಂದಾಗದೆಂದು ಜನರಲ್ ನವಾರನ ನಂಬಿಕೆ. ಬಟ್ಟಲಿನ ತಳದಲ್ಲಿ ಕುಳಿತು ಅಂಚು ಶತ್ರುವಿಗೆ ದಕ್ಕದೆಂದು ನಂಬುವುದೂ ಒಂದು ಯುದ್ಧಶಾಸ್ತ್ರವೇ ಇರಬೇಕು!

ಜನರಲ್ ಜ್ಯಾಪ್ ಅವರ ತೋಪುಗಳನ್ನು ಜನರು ಹಗ್ಗ ಹಾಕಿ ಎಳೆದರು. ಚೀಣದಿಂದ ಬಂದ ಲಾರಿಗಳೂ ಇದ್ದುವೆಂಬುದನ್ನು ಮರೆಯಲಾಗದು. ಆದರೆ ಲಾರಿ ನಿಂತಲ್ಲಿಂದ ಮುಂದಕ್ಕೆ ಅಕ್ಕಿಯು ನಡೆದುದು ರೈತ ಗಂಡಸರು, ಹೆಂಗಸರ ಹೆಗಲ ಮೇಲೆ. ಸೈಕಲ್ಲುಗಳಿಗೆ ಬಿದಿರುಗಳುಗಳನ್ನು ಬಿಗಿದು, ಒಂದೊಂದರ ಮೇಲೆ 200 ಕಿಲೋಗ್ರಾಂಗೂ ಮೀರಿದ ಹೊರೆಯನ್ನು ಹೇರಿ ತಳ್ಳಿಕೊಂಡು ಹೋದರು. 1954ರ ಜನವರಿಯಲ್ಲಿ ಆಕ್ರಮಣಕ್ಕೆ ದಿನ ಗೊತ್ತಾಗಿದ್ದರೂ, ಸಿದ್ಧತೆ ಸಾಲದೆಂದು ಜ್ಯಾಪ್ ಅವರು ಎಳೆದು ತಂದಿದ್ದ ತೋಪುಗಳನ್ನು ಹಿಂದಕ್ಕೆ ಎಳೆಸಿದರು. ನಮಗೆ ಆತನ ಜಯಗಳೆಲ್ಲಕ್ಕಿಂತ ಈ ಸಂಯಮವೇ ದೊಡ್ಡದಾಗಿ ಕಾಣುತ್ತದೆ.

ಮಾರ್ಚ್ 13ರಂದು ತೋಪುಗಳು ಗರ್ಜಿಸಿದುವು. ಶತ್ರುವಿನ ತೋಪುಗಳ ಬಾಯಿ ಮುಚ್ಚಿಸುವೆನೆಂದಿದ್ದ ಫ್ರೆಂಚ್ ಫಿರಂಗಿದಳದ ಕರ್ನಲ್ ಪಿರೋತ್ ಎರಡೇ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡನು. ತಿಂಗಳ ಕೊನೆಗೆ ವಿಮಾನನಿಲ್ದಾಣವು ನಿರುಪಯೋಗವಾಯಿತು. ಗಾಯಾಳುಗಳನ್ನು ಸಾಗಿಸುವ ದಾರಿಯೂ ಮುಚ್ಚಿತು. ಮೇ 7ರಂದು ದಂಡನಾಯಕ ದ ಕಾಸ್ತ್ರಿಯು ಸೆರೆಸಿಕ್ಕಿದನು. ಸೆರೆಯಾದ ಹತ್ತು ಸಾವಿರಕ್ಕೂ ಮಿಕ್ಕ ಸೈನಿಕರಲ್ಲಿ ಬಹುಮಂದಿ ಹಸಿವು, ರೋಗ, ನೂರಾರು ಮೈಲಿಗಳ ನಡಿಗೆಯಿಂದ ಮಡಿದರು. ಇದನ್ನು ಹೇಳದೆ ಬಿಟ್ಟರೆ ವಿಜಯದ ವರ್ಣನೆ ಪೂರ್ಣವಾಗದು.

ಜುಲೈಯಲ್ಲಿ ಜಿನೀವಾ ಒಪ್ಪಂದವಾಯಿತು. ಅದರ ಪಾಲನೆಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗದಲ್ಲಿ ಕೆನಡಾ ಮತ್ತು ಪೋಲೆಂಡುಗಳೊಡನೆ ಭಾರತವೂ ಇದ್ದಿತು, ಅಧ್ಯಕ್ಷಸ್ಥಾನವು ಭಾರತದ್ದೇ. ಅಕ್ಟೋಬರ್ 17ರಂದು ನೆಹರೂ ಅವರು ಹನೋಯಿಗೆ ಹೋದಾಗ ಫ್ರೆಂಚ್ ಸೈನ್ಯವು ಆ ನಗರವನ್ನು ಬಿಟ್ಟು ಹತ್ತು ದಿನಗಳೂ ಆಗಿರಲಿಲ್ಲ.