ಬಾಡಿಗೆ ಮನೆಯ ಮೇಲೊಂದು ನಕ್ಷತ್ರ

ಕಳೆದ ವರ್ಷ ಆಗಮನ ಕಾಲದ ಎರಡನೆಯ ಭಾನುವಾರದ ಪ್ರಬೋಧನೆಯಲ್ಲಿ ನಾನು ಒಂದು ಮಾತನ್ನು ತುಸು ಖಾರವಾಗಿಯೇ ಆಡಿದೆ. ಸಂಜೆಯ ಹೊತ್ತು ನಮ್ಮ ಧರ್ಮಕೇಂದ್ರದ ಬೀದಿಗಳಲ್ಲಿ ನಡೆದು ಬರುವಾಗ ಅನೇಕ ಕ್ರೈಸ್ತರ ಮನೆಗಳ ಮುಂದೆ ಒಂದು ಕಾಗದದ ನಕ್ಷತ್ರವೂ ಕಾಣುವುದಿಲ್ಲವೆಂದೂ, ದೀಪವನ್ನು ಹಚ್ಚಿ ಕೊಳಗದ ಕೆಳಗಿಡಬಾರದೆಂಬ ಪ್ರಭುವಿನ ಬೋಧನೆ ನಮಗೆ ಮರೆತುಹೋದಂತಿದೆಯೆಂದೂ ಹೇಳಿದೆ. ಪೂಜೆ ಮುಗಿದು ಪೂಜಾವಸ್ತ್ರಗಳನ್ನು ಕಳಚುತ್ತಿದ್ದಾಗ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವ, ಹೆಚ್ಚು ಮಾತನಾಡದ ಸ್ವಭಾವದವರು.

"ತಪ್ಪು ತಿಳ್ಕೋಬೇಡಿ ಸ್ವಾಮಿ. ನಿಮಗೆ ಓನರ್ ಇಲ್ಲ, ನಮಗೆ ಇದ್ದಾರೆ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಗುರುನಿವಾಸದಲ್ಲಿ ವಾಸಿಸುವವನಿಗೆ ಬಾಡಿಗೆಯ ಚಿಂತೆಯಿಲ್ಲ, ಮುಂಗಡ ಹಣದ ಚಿಂತೆಯಿಲ್ಲ, ಹನ್ನೊಂದು ತಿಂಗಳಿಗೊಮ್ಮೆ ಕರಾರು ಪತ್ರ ನವೀಕರಿಸುವ ಚಿಂತೆಯೂ ಇಲ್ಲ. ಮರುದಿನ ಸಂಜೆ ಅವರ ಮನೆಗೆ ಹೋದೆ. ಎರಡು ಕೋಣೆಗಳ ಮೊದಲ ಮಹಡಿಯ ಮನೆ. ಕೆಳಗೆ ಮನೆಯೊಡತಿಯ ವಾಸ. ನಕ್ಷತ್ರವಿತ್ತು! ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬಳಿ ಕೊಂಡ ಕೆಂಪು ಬಣ್ಣದ ನಕ್ಷತ್ರ, ಒಳಗಿನ ಹಜಾರದಲ್ಲಿ, ಫ್ಯಾನಿನ ಪಕ್ಕದ ಕೊಂಡಿಗೆ ತೂಗುತ್ತಿತ್ತು. ಬೀದಿಯ ಕಡೆಯ ಕಿಟಕಿಗೆ ಪರದೆ ಎಳೆಯಲಾಗಿತ್ತು. "ಮೂರು ವರ್ಷದಿಂದ ಇಲ್ಲೇ ಹಾಕ್ತಾ ಇದ್ದೀವಿ" ಎಂದಳು ಅವರ ಕಿರಿಯ ಮಗಳು. ಅದರಲ್ಲಿ ದೂರೇನೂ ಇರಲಿಲ್ಲ. ನಕ್ಷತ್ರದ ಜಾಗ ಅದೇ ಎಂದು ಆ ಮಗು ನಂಬಿದಂತಿತ್ತು. ನನ್ನನ್ನು ಹೆಚ್ಚು ಕಲಕಿದ್ದು ಅದೇ.

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಈ ಪರದೆಯ ಅರ್ಥ ವಿವರಿಸಬೇಕಾಗಿಲ್ಲ. ಹೆಸರು ಕೇಳಿದ ಮೇಲೆ ಮನೆ ಖಾಲಿಯಿಲ್ಲವೆಂಬ ಉತ್ತರ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂಬ ವಿಚಾರಣೆ, ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ. ಇವೆಲ್ಲವನ್ನೂ ದಾಟಿ ಒಂದು ಸೂರು ದೊರೆತಾಗ ಅದನ್ನು ಉಳಿಸಿಕೊಳ್ಳಲು ಮನುಷ್ಯ ಸದ್ದಿಲ್ಲದೆ ಬಾಳುವುದನ್ನು ಕಲಿಯುತ್ತಾನೆ. ಅದನ್ನು ಅವಿಶ್ವಾಸವೆಂದು ಕರೆದದ್ದು ನನ್ನ ತಪ್ಪು. ಮುಂದಿನ ಭಾನುವಾರ ಪೀಠದಿಂದಲೇ ಅದನ್ನು ಒಪ್ಪಿಕೊಂಡೆ.

ಆ ರಾತ್ರಿ ಸಂತ ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆದೆ. ಪೂರ್ವದೇಶದ ಜ್ಞಾನಿಗಳಿಗೆ ದಾರಿ ತೋರಿದ ನಕ್ಷತ್ರ ಮಗುವಿದ್ದ ಸ್ಥಳದ ಮೇಲೆ ಬಂದು ನಿಲ್ಲುತ್ತದೆ. ಅವರು ಪ್ರವೇಶಿಸುವುದು ಒಂದು ಮನೆಯನ್ನು. ನಮ್ಮ ಗೋದಲಿಗಳಲ್ಲಿ ಜ್ಞಾನಿಗಳನ್ನೂ ಕುರುಬರನ್ನೂ ಒಂದೇ ಕೊಟ್ಟಿಗೆಯಲ್ಲಿ ನಿಲ್ಲಿಸಿ ರೂಢಿಯಾದುದರಿಂದ ಮತ್ತಾಯನ ಈ 'ಮನೆ' ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಯಾರ ಮನೆ ಅದು? ಬಂಧುಗಳದೋ, ಬಾಡಿಗೆಯದೋ, ಜೋಸೆಫರದೇ ಆಗಿತ್ತೋ, ಮತ್ತಾಯ ಹೇಳುವುದಿಲ್ಲ. ಇಲ್ಲದ್ದನ್ನು ನಾನು ಸೇರಿಸುವುದೂ ಇಲ್ಲ. ಲೂಕನಂತೂ ಜೋಸೆಫರನ್ನು ನಜರೇತಿನಿಂದ ಬಂದವರೆಂದೇ ಪರಿಚಯಿಸುತ್ತಾನೆ. ಅವನು ಬಳಸುವ 'ಕತಾಲುಮಾ' ಎಂಬ ಗ್ರೀಕ್ ಪದವನ್ನು ನಾವು ಛತ್ರವೆಂದು ಓದಿಕೊಂಡು ಬಂದಿದ್ದೇವೆ. ಅದಕ್ಕೆ ಅತಿಥಿಗಳು ತಂಗುವ ಕೋಣೆಯೆಂಬ ಅರ್ಥವೂ ಉಂಟು. ಸದಯ ಸಮಾರಿಯನ ಸಾಮತಿಯಲ್ಲಿ ಹಣ ಕೊಟ್ಟು ತಂಗುವ ವಸತಿಗೃಹಕ್ಕೆ ಅದೇ ಲೂಕ ಬೇರೆ ಪದವನ್ನು ಬಳಸುತ್ತಾನೆ. ಅಂತೂ ಮೊದಲನೆಯ ಕ್ರಿಸ್ಮಸ್ ನಕ್ಷತ್ರ ಬಂದು ನಿಂತದ್ದು ಒಡೆಯನ ಹೆಸರು ತಿಳಿಯದ ಒಂದು ಮನೆಯ ಮೇಲೆ. ಆ ಕುಟುಂಬ ಅಲ್ಲಿ ಬಹುಕಾಲ ಉಳಿಯಲೂ ಇಲ್ಲ. ಯಾರಿಗೂ ಹೇಳದೆ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟುಹೋಯಿತು.

ಇನ್ನೊಂದು ಪದವಿದೆ. ಇಂಗ್ಲಿಷಿನಲ್ಲಿ 'ಪ್ಯಾರಿಷ್' ಎನ್ನುತ್ತೇವಲ್ಲ, ಅದರ ಮೂಲ 'ಪರೊಯ್ಕಿಯಾ' ಎಂಬ ಗ್ರೀಕ್ ಶಬ್ದ. ಪರಸ್ಥಳದಲ್ಲಿ ಪರಕೀಯನಾಗಿ ತಂಗಿರುವುದು ಎಂದು ಅದರ ಅರ್ಥ. ಸಂತ ಪೇತ್ರರ ಮೊದಲನೆಯ ಪತ್ರದಲ್ಲಿ ಕ್ರೈಸ್ತರ ಇಹಜೀವನವನ್ನು ಸೂಚಿಸಲು ಬಳಕೆಯಾಗಿರುವುದು ಇದೇ ಶಬ್ದ. 'ಧರ್ಮಕೇಂದ್ರ' ಎಂಬ ನಮ್ಮ ಕನ್ನಡ ಪದ ಗಂಭೀರವಾಗಿದೆ, ನಿಜ; ಆದರೆ ನಾವೆಲ್ಲರೂ ಒಂದರ್ಥದಲ್ಲಿ ಬಾಡಿಗೆದಾರರ ಸಂಘವೆಂಬ ಸಂಗತಿಯನ್ನು ಅದು ಮುಚ್ಚಿಡುತ್ತದೆ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಫ್ರೆಂಚ್ ಚಿಂತಕ ಗಾಬ್ರಿಯೇಲ್ ಮಾರ್ಸೆಲನ ಪರಿಚಯವಾಗಿತ್ತು. ಇರುವಿಕೆ ಮತ್ತು ಹೊಂದಿರುವಿಕೆಗಳ ಭೇದವನ್ನು ಕುರಿತ ಅವನ ಗ್ರಂಥ 1935ರಲ್ಲಿ ಪ್ರಕಟವಾಯಿತು. ಮನೆಯನ್ನು ಹೊಂದಿರುವುದು ಬೇರೆ, ಮನೆಯಲ್ಲಿ ಇರುವುದು ಬೇರೆ ಎಂದು ಅಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದೆ. ಅದರ ಅರ್ಥವಾದದ್ದು ಆ ಮೊದಲ ಮಹಡಿಯಲ್ಲಿ.

ಆದರೆ ಮಾಲೀಕನ ಹಕ್ಕೂ ಹಕ್ಕೇ. ನಾನು ವಕೀಲನಲ್ಲ, ಆದರೂ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮನ್ನು ಪರಿಚಿತರೊಬ್ಬರು ಓದಿ ಹೇಳಿದರು. ಮಾಲೀಕನ ಒಪ್ಪಿಗೆಯಿಲ್ಲದೆ ಬಾಡಿಗೆದಾರ ಶಾಶ್ವತವಾದ ಕಟ್ಟಡವನ್ನು ನಿರ್ಮಿಸಬಾರದು. ಸಹಜವಾದ ಸವಕಳಿಯನ್ನು ಬಿಟ್ಟರೆ, ಪಡೆದ ಸ್ಥಿತಿಯಲ್ಲೇ ಸ್ವತ್ತನ್ನು ಹಿಂತಿರುಗಿಸಬೇಕು. ಕರಾರು ಪತ್ರದಲ್ಲಿ ಬೇರೆ ಷರತ್ತಿದ್ದರೆ ಅದನ್ನೂ ನೋಡಬೇಕು. (ಅದೇ 1882ರ ಡಿಸೆಂಬರಿನಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ 80 ವಿದ್ಯುದ್ದೀಪಗಳಿಂದ ಕ್ರಿಸ್ಮಸ್ ಮರವನ್ನು ಸಿಂಗರಿಸಿದ. ಕಾಕತಾಳೀಯವಷ್ಟೇ.) ನಲವತ್ತು ದಿನ ತೂಗಿ ಇಳಿಯುವ ನಕ್ಷತ್ರ ಶಾಶ್ವತ ಕಟ್ಟಡವಂತೂ ಅಲ್ಲ, ಗೋಡೆಗೆ ಹೊಡೆದ ಮೊಳೆಯ ತೂತು ಮಾತ್ರ ಉಳಿಯುತ್ತದೆ.

ಮನೆಯೊಡತಿಯೊಡನೆ ತಾವೇ ಮಾತನಾಡಿ ಎಂದು ಆ ದಂಪತಿಗಳಿಗೆ ಹೇಳಿದೆ. ಬೇಕಾದರೆ ನಾನೂ ಬರುತ್ತೇನೆಂದೆ. ಪತ್ನಿ ಒಪ್ಪಲಿಲ್ಲ. "ನೀವು ಬಂದ್ರೆ ಶಿಫಾರಸು ಆಗುತ್ತೆ ಸ್ವಾಮಿ, ಅವರು ಇಲ್ಲ ಅನ್ನೋಕೆ ಆಗಲ್ಲ. ನಾನೇ ಕೇಳ್ತೀನಿ." ನನಗಿಂತ ಆಕೆಗೆ ನ್ಯಾಯದ ಸೂಕ್ಷ್ಮ ಹೆಚ್ಚು ತಿಳಿದಿತ್ತು. ಎರಡು ದಿನಗಳ ನಂತರ ಎಪ್ಪತ್ತು ದಾಟಿದ ಆ ಮನೆಯೊಡತಿಯ ಉತ್ತರವನ್ನು ವರದಿ ಮಾಡಿದರು: "ನಕ್ಷತ್ರ ಹಾಕ್ಕೊಳಮ್ಮ, ಬೇಡ ಅಂದೋರ್ಯಾರು? ಮೊಳೆ ಮಾತ್ರ ಹೊಡೀಬೇಡಿ." ಹಿಂದಿನ ಬಾಡಿಗೆದಾರರು ಸಜ್ಜಾಕ್ಕೆ ತೂತು ಕೊರೆದು, ಮಳೆನೀರು ಇಳಿದು, ಕೆಳಗಿನ ಕೋಣೆಯ ಗೋಡೆಯೆಲ್ಲ ಬಣ್ಣ ಕಳಚಿಕೊಂಡಿತ್ತಂತೆ. ದೀಪಾವಳಿಗೆ ತಾವು ಆಕಾಶಬುಟ್ಟಿ ತೂಗುಹಾಕುವ ಕಬ್ಬಿಣದ ಕೊಂಡಿಯನ್ನು ಅವರೇ ತೋರಿಸಿದರು.

ಎಲ್ಲ ಮನೆಗಳಲ್ಲೂ ಹೀಗಾಗುವುದಿಲ್ಲ. ನಮ್ಮ ಇನ್ನೊಂದು ಕುಟುಂಬಕ್ಕೆ ಕಾರಣವನ್ನೂ ಹೇಳದೆ 'ಬೇಡ' ಎಂಬ ಉತ್ತರವೇ ಸಿಕ್ಕಿತು. ಅವರು ನಕ್ಷತ್ರವನ್ನು ಕಿಟಕಿಯ ಒಳಗೇ ತೂಗುಹಾಕಿ, ಪರದೆಯನ್ನು ಮಾತ್ರ ಸರಿಸಿಟ್ಟರು. ಅಷ್ಟಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅನುಮತಿ ಕೇಳುವವರಿಗೆ ಕೆಲವು ಲೆಕ್ಕಗಳು ನೆರವಾದಾವು. ಮೇಲೆ ಕೆಳಗೆ ಒಂದೇ ಮೀಟರ್ ಇರುವಲ್ಲಿ ಬಿಲ್ಲಿನ ಮಾತು ಮೊದಲು ಬರುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆಯಂತೆ 40 ದಿನ ಉರಿದರೆ ಖರ್ಚಾಗುವುದು 1.8 ಯೂನಿಟ್, ಹಳೆಯ 60 ವ್ಯಾಟಿನ ಬಲ್ಬಿಗಾದರೆ 12 ಯೂನಿಟ್. ಹಳೆಯ ಬಲ್ಬು ಕಾಗದವನ್ನು ಕಾಯಿಸುತ್ತದೆ, ಸುಡಲೂಬಹುದು. ಮೊಳೆಯ ಬದಲು ಗ್ರಿಲ್ಲಿಗೆ ಬಿದಿರಿನ ಕೋಲು ಕಟ್ಟಿ ಅದರ ತುದಿಗೆ ನಕ್ಷತ್ರ ತೂಗುಹಾಕಬಹುದು. ಬೀದಿಯ ವಿದ್ಯುತ್ ತಂತಿಯ ಸಮೀಪ ಕಬ್ಬಿಣದ ಸರಳನ್ನಂತೂ ಚಾಚಲೇಬಾರದು. ಡಿಸೆಂಬರಿನಲ್ಲೂ ಬಂಗಾಳ ಕೊಲ್ಲಿಯ ಚಂಡಮಾರುತಗಳು ನಮಗೆ ಮಳೆ ತರುವುದುಂಟು. ಹೋಲ್ಡರಿನ ಬಾಯಿ ಕೆಳಮುಖವಾಗಿರಲಿ, ವೈರಿನ ಜೋಡಣೆ ಮನೆಯೊಳಗೇ ಇರಲಿ, ಕಿಟಕಿಯೊಳಗೆ ಹೋಗುವ ಮುನ್ನ ವೈರು ಒಮ್ಮೆ ಕೆಳಗೆ ಜೋತು ಮೇಲೇರಲಿ; ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕಿಟಕಿಯ ಬಾಗಿಲಿಗೆ ವೈರು ಸಿಕ್ಕಿ ನಜ್ಜುಗುಜ್ಜಾಗದಂತೆ ನೋಡಿಕೊಳ್ಳುವುದೂ ಅಗತ್ಯ. ಇವನ್ನೆಲ್ಲ ನನಗೆ ಕಲಿಸಿದವರು ಆ ಫಿಟ್ಟರೇ.

ಅವರ ಮನೆಯ ಹೊರಗೆ ಮೊದಲ ಬಾರಿಗೆ ನಕ್ಷತ್ರ ಬೆಳಗಿದ ಸಂಜೆ ನಾನೂ ಬೀದಿಯಲ್ಲಿದ್ದೆ. ಮಗಳು ಕೆಳಗೆ ಓಡಿಬಂದು, ಎದುರು ಮನೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತು, ತನ್ನ ಮನೆಯನ್ನೇ ಬಹಳ ಹೊತ್ತು ನೋಡಿದಳು. ಮನೆಯೊಡತಿ ಬಾಗಿಲಿಗೆ ಬಂದು ಒಂದು ಷರತ್ತು ಹಾಕಿದರು: ಬೆಳಕು ತಮ್ಮ ಮಲಗುವ ಕೋಣೆಗೆ ಬೀಳುತ್ತದೆ, ರಾತ್ರಿ ಹತ್ತಕ್ಕೆ ಆರಿಸಿಬಿಡಬೇಕು. ಹಾಗೆಯೇ ಆಗಲೆಂದು ಎಲ್ಲರೂ ಒಪ್ಪಿದರು. 24ರ ರಾತ್ರಿ ಮಾತ್ರ ನಡುರಾತ್ರಿಯ ಪೂಜೆಗೆ ಹೊರಡುವ ಗಡಿಬಿಡಿಯಲ್ಲಿ ಸ್ವಿಚ್ಚು ಆರಿಸುವುದನ್ನು ಮರೆತರಂತೆ. ಎರಡು ಗಂಟೆಗೆ ಹಿಂತಿರುಗಿದಾಗ ಅದು ಇನ್ನೂ ಉರಿಯುತ್ತಿತ್ತು. ಮರುದಿನ ಕೇಕು, ಕಜ್ಜಾಯಗಳ ತಟ್ಟೆ ಹಿಡಿದು ಕ್ಷಮೆ ಕೇಳಲು ಕೆಳಗಿಳಿದರೆ, "ನಂಗೂ ನಿದ್ದೆ ಬರಲಿಲ್ಲ ಬಿಡಮ್ಮ" ಎಂದು ಮನೆಯೊಡತಿ ತಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದರಂತೆ.