‘ಬಡ್ಡಿಯಿಲ್ಲದ ಇಸ್ಲಾಮಿಕ್ ಬ್ಯಾಂಕ್ ಆ್ಯಪ್’: ಹಣ ಹಾಕುವ ಮೊದಲು ಇದನ್ನು ಓದಿ

‘ಹಲಾಲ್ ಬ್ಯಾಂಕ್ ಬಂದಿದೆ, ಮೊಬೈಲ್‌ನಲ್ಲೇ ಖಾತೆ ತೆರೆಯಿರಿ, ಬಡ್ಡಿ ಇಲ್ಲ, ತಿಂಗಳು ತಿಂಗಳು ಲಾಭ ಖಚಿತ!’ ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿಯ ಕಾಲೇಜು ಗ್ರೂಪಿನಲ್ಲಿ ಇಂಥ ಮೆಸೇಜ್ ಬಂದರೆ ನಂಬಬಹುದೇ? ಬಡ್ಡಿ ಬೇಡ ಎನ್ನುವ ವಿದ್ಯಾರ್ಥಿಗಳ ನಂಬಿಕೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಅದರ ಹೆಸರಿನಲ್ಲಿ ಅವರಿಗೆ ಮೋಸವಾಗಬಾರದು, ಅಷ್ಟೇ.

ಭಾರತದಲ್ಲಿ ಇಸ್ಲಾಮಿಕ್ ಬ್ಯಾಂಕ್ ಇದೆಯೇ?

ಇಲ್ಲ. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಸಲಹೆ ನೀಡಿತ್ತು. ಆದರೆ ಈ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ಆರ್‌ಬಿಐ 2017ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತು. ಮಲೇಷ್ಯಾದಲ್ಲಿ 1983ರಿಂದಲೇ ಇಂಥ ಬ್ಯಾಂಕ್ ಇದೆ. ಅಲ್ಲಿನ ವಿದ್ಯಾರ್ಥಿಗಳು ಅದರ ಆ್ಯಪ್ ಬಳಸುತ್ತಾರೆ ಎಂದರೆ ನಮ್ಮಲ್ಲೂ ಇದೆ ಎಂದಲ್ಲ.

‘ಲಾಭ ಖಚಿತ’ ಎಂದರೆ ಅನುಮಾನಿಸಿ

ಲಾಭದ ಜೊತೆ ನಷ್ಟವನ್ನೂ ಹಂಚಿಕೊಳ್ಳುವುದು ಇಸ್ಲಾಮಿಕ್ ಹೂಡಿಕೆಯ ಮೂಲತತ್ವ. ಹಾಗಿರುವಾಗ ಲಾಭವನ್ನು ಮೊದಲೇ ಖಚಿತಪಡಿಸುವ ಜಾಹೀರಾತು ತನ್ನ ಮಾತನ್ನೇ ತಾನು ಸುಳ್ಳು ಮಾಡುತ್ತದೆ. ಬೆಂಗಳೂರಿನ ಐಎಂಎ ಸಂಸ್ಥೆಯೂ ‘ಹಲಾಲ್ ಹೂಡಿಕೆ’ ಎಂದೇ ಜನರಿಂದ ಹಣ ಸಂಗ್ರಹಿಸಿತ್ತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟು ಹೋದಾಗ ಸಾವಿರಾರು ಕುಟುಂಬಗಳ ಉಳಿತಾಯ ಸಿಕ್ಕಿಹಾಕಿಕೊಂಡಿತು.

ಹಾಗಾದರೆ ಮೊಬೈಲ್ ಬ್ಯಾಂಕಿಂಗ್ ಬೇಡವೇ?

ಬೇಕಾದರೆ ಧೈರ್ಯವಾಗಿ ಬಳಸಿ. ಯುಪಿಐನಲ್ಲಿ ನೀವು ಫೀಸು ಕಟ್ಟಿದಾಗ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. ಅದರಲ್ಲಿ ಬಡ್ಡಿಯ ಮಾತಿಲ್ಲ. ಬಡ್ಡಿ ಜಮಾ ಆಗುವುದು ಉಳಿತಾಯ ಖಾತೆಯಲ್ಲಿ. ಪಾಸ್‌ಬುಕ್‌ನಲ್ಲಿ ಆ ಮೊತ್ತ ಬೇರೆಯಾಗಿ ಕಾಣುತ್ತದೆ. ಕೆಲವರು ಅದನ್ನು ಲೆಕ್ಕ ಹಾಕಿ ಬಡವರಿಗೆ ಕೊಟ್ಟುಬಿಡುತ್ತಾರೆ. ಚಾಲ್ತಿ ಖಾತೆಗೆ ಬಡ್ಡಿ ಬರುವುದಿಲ್ಲ, ಆದರೆ ಅದು ಮುಖ್ಯವಾಗಿ ವ್ಯಾಪಾರಿಗಳಿಗೆ. ಧರ್ಮದ ಸಂದೇಹಗಳನ್ನು ನಿಮ್ಮೂರಿನ ಉಲೇಮಾಗಳಲ್ಲಿ ಕೇಳಿ.

ನೆನಪಿಡಿ

• ವಿಮೆಯಿರುವ ಬ್ಯಾಂಕ್ ಮುಳುಗಿದರೆ ಪ್ರತಿ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಕ್ರೆಡಿಟ್ ಸೊಸೈಟಿಯ ಠೇವಣಿಗೆ ಈ ವಿಮೆ ಇಲ್ಲ.
• ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ‘ಲಾಭ ಬಂದಿದೆ, ಪಿನ್ ಒತ್ತಿ’ ಎಂದರೆ ಅದು ಮೋಸ.
• ಮೆಸೇಜ್‌ನಲ್ಲಿ ಬಂದ ಲಿಂಕ್‌ನಿಂದ ಬ್ಯಾಂಕ್ ಆ್ಯಪ್ ಇಳಿಸಿಕೊಳ್ಳಬೇಡಿ.
• ಅಕ್ರಮವಾಗಿ ಠೇವಣಿ ಸಂಗ್ರಹಿಸುವವರ ಬಗ್ಗೆ ಆರ್‌ಬಿಐನ ‘ಸಚೇತ್’ ಪೋರ್ಟಲ್‌ನಲ್ಲಿ ದೂರು ಕೊಡಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿದ್ದರೆ ಫಾರ್ವರ್ಡ್ ಮಾಡಬೇಡಿ. ಕಳುಹಿಸಿದ ಗೆಳೆಯರಿಗೆ ಈ ಮಾಹಿತಿ ತಲುಪಿಸಿ.