ಒಂದು ತಾಸಿನ ಗೊರಿಲ್ಲಾ, ಎರಡು ವರ್ಷದ ಮುಸುವ

ಆಫ್ರಿಕಾದ ಮಳೆಕಾಡಿನಲ್ಲಿ ಗೊರಿಲ್ಲಾ, ಚಿಂಪಾಂಜಿಗಳನ್ನು ತೋರಿಸುವ ಪ್ರವಾಸಗಳ ಜಾಹೀರಾತು ಈಗ ಹುಬ್ಬಳ್ಳಿ–ಬೆಳಗಾವಿಯ ಮಂದಿಯ ಫೋನಿಗೂ ಬಂದು ಬೀಳುತ್ತದೆ. ‘ಚಿಕ್ಕ ತಂಡ, ಹತ್ತಿರದಿಂದ ದರ್ಶನ’ ಎಂಬುದೇ ಅವುಗಳ ಮುಖ್ಯ ಆಕರ್ಷಣೆ. ಉಗಾಂಡಾದ ಬ್ವಿಂಡಿ ಕಾಡಿನಲ್ಲಿ ಒಂದು ಗೊರಿಲ್ಲಾ ಕುಟುಂಬವನ್ನು ಒಂದು ತಾಸು ನೋಡುವ ಪರ್ಮಿಟ್ಟಿಗೆ ವಿದೇಶಿಯರು 800 ಡಾಲರ್ ಕೊಡಬೇಕು. ರುವಾಂಡಾದಲ್ಲಿ 1500 ಡಾಲರ್, ಅಂದರೆ ಒಂದು ಲಕ್ಷ ರೂಪಾಯಿಗೂ ಮೇಲೆ. ವಿಮಾನ, ವಸತಿ ಬೇರೆ. ಇಷ್ಟು ಖರ್ಚು ಮಾಡಿ ಹೋದವರಿಗೆ ಆ ಒಂದು ತಾಸಿನಲ್ಲಿ ತಿಳಿಯುವುದಾದರೂ ಏನು ಎಂದು ಯಾರಾದರೂ ಕೇಳಿದರೆ ಅದನ್ನು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕಬಾರದು. ಅದು ವಿಜ್ಞಾನದ ಪ್ರಶ್ನೆ. ಪ್ರವಾಸ ಕಂಪನಿ ಮಾರುವುದು ಸಾಮೀಪ್ಯವನ್ನು. ವಾನರರ ಬಗ್ಗೆ ಮನುಷ್ಯನಿಗೆ ನಿಜವಾದ ತಿಳಿವಳಿಕೆ ಬಂದದ್ದು ಸಾಮೀಪ್ಯದಿಂದಲ್ಲ, ಬಿಡದೆ ಕಾದು ನೋಡಿದ ಕಾಲದಿಂದ. ಇವೆರಡೂ ಒಂದೇ ಅಲ್ಲವೆಂಬುದಷ್ಟೇ ಅಲ್ಲ, ಎಷ್ಟೋ ಸಲ ಒಂದಕ್ಕೊಂದು ವಿರುದ್ಧ. ಇದಕ್ಕೆ ಗಟ್ಟಿ ಸಾಕ್ಷಿ ಕಾಂಗೋದಲ್ಲೋ ಉಗಾಂಡಾದಲ್ಲೋ ಮಾತ್ರ ಇರುವುದಲ್ಲ, ನಮ್ಮ ಧಾರವಾಡದ ಕಾಡಿನಲ್ಲೂ ಇದೆ.

1961ರಲ್ಲಿ ಜಪಾನಿನ ವಾನರ ವಿಜ್ಞಾನಿಗಳ ತಂಡವೊಂದು ಭಾರತೀಯರ ಜೊತೆಗೂಡಿ ಧಾರವಾಡಕ್ಕೆ ಬಂದಿತು. ಅದರಲ್ಲಿದ್ದ ಯುಕಿಮಾರು ಸುಗಿಯಾಮಾ ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ತರುಣ. ಅವರ ಹಿಂದೆ ಕ್ಯೋಟೋ ವಿಶ್ವವಿದ್ಯಾಲಯದ ಕಿಂಜಿ ಇಮಾನಿಶಿ ಕಟ್ಟಿದ ಪರಂಪರೆ ಇತ್ತು. 1948ರಿಂದ ಇಮಾನಿಶಿ ಮತ್ತು ಅವರ ಶಿಷ್ಯರು ಜಪಾನಿನ ಮಂಗಗಳನ್ನು ನೋಡತೊಡಗಿದ್ದರು. ‘ಒಂದು ಗಂಡು’, ‘ಒಂದು ಹೆಣ್ಣು’ ಎಂದು ಬರೆದುಕೊಂಡರೆ ಸಾಲದು, ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತು ಹಿಡಿಯಬೇಕು, ಹೆಸರಿಡಬೇಕು, ಯಾರ ಮಗ ಯಾರು ಎಂಬ ವಂಶಾವಳಿ ಬರೆಯಬೇಕು ಎಂಬುದು ಅವರ ಹಟ. ಪಶ್ಚಿಮದ ಹಲವು ವಿಜ್ಞಾನಿಗಳಿಗೆ ಆಗ ಇದು ಪ್ರಾಣಿಗೆ ಮನುಷ್ಯನ ಅಂಗಿ ತೊಡಿಸಿದಂತೆ ಕಂಡಿತ್ತು. ಆದರೆ 1953ರಲ್ಲಿ ಕೋಶಿಮಾ ದ್ವೀಪದ ಎಳೆಯ ಹೆಣ್ಣು ಮಂಗವೊಂದು ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನಲು ಶುರುಮಾಡಿತು. ಮೊದಲು ತೊಳೆದದ್ದು ಯಾವುದು, ಅದರಿಂದ ಕಲಿತದ್ದು ಯಾವುದು ಎಂದು ಹೇಳಲು ಸಾಧ್ಯವಾದದ್ದು ಪ್ರತಿ ಮಂಗಕ್ಕೂ ಗುರುತು ಇದ್ದುದರಿಂದಲೇ. ಅದೇ ಪದ್ಧತಿಯನ್ನು ಈ ತಂಡ ಧಾರವಾಡದ ಪಶ್ಚಿಮದ ತೇಗದ ಕಾಡಿಗೆ ತಂದಿತು. ಅಧ್ಯಯನಕ್ಕೆ ಆರಿಸಿಕೊಂಡದ್ದು ನಮ್ಮ ಊರ ಮಾಳಿಗೆಯ ಮೇಲೂ ಗುಡಿಯ ಗೋಪುರದ ಮೇಲೂ ಕೂರುವ ಕರಿಮೋರೆ, ಉದ್ದ ಬಾಲದ ಮುಸುವವನ್ನು.

ಧಾರವಾಡದ ಬಹುತೇಕ ಹಿಂಡುಗಳಲ್ಲಿ ಬೆಳೆದ ಗಂಡು ಒಂದೇ. ಅದರ ಜೊತೆ ಹಲವು ಹೆಣ್ಣುಗಳು, ಅವುಗಳ ಮರಿಗಳು. ಉಳಿದ ಗಂಡುಗಳೆಲ್ಲ ಸೇರಿ ಬೇರೆಯದೇ ಗುಂಪು ಕಟ್ಟಿಕೊಂಡು ತಿರುಗುತ್ತವೆ. ತಿಂಗಳುಗಟ್ಟಲೆ ಹಿಂಡುಗಳ ಬೆನ್ನು ಹತ್ತಿದ ಸುಗಿಯಾಮಾ 1962ರಲ್ಲಿ ಕಂಡದ್ದು, ಅಲ್ಲಿಯವರೆಗೆ ಯಾವ ವಿಜ್ಞಾನಿಯೂ ಹೀಗೆ ಹಂತ ಹಂತವಾಗಿ ದಾಖಲಿಸದಿದ್ದ ಸಂಗತಿ. ಗಂಡುಗಳ ಗುಂಪೊಂದು ಹಿಂಡಿನ ಮೇಲೆ ಬಿದ್ದು ಅದರ ಯಜಮಾನನನ್ನು ಓಡಿಸಿತು. ಗೆದ್ದ ಗಂಡುಗಳಲ್ಲಿ ಒಂದು ತನ್ನ ಜೊತೆಗಾರರನ್ನೂ ಹೊರಗಟ್ಟಿ ತಾನೊಂದೇ ಹಿಂಡನ್ನು ಹಿಡಿಯಿತು. ಆಮೇಲೆ ತಾಯಂದಿರ ಎದೆಗಂಟಿದ್ದ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ಹೆಣ್ಣುಗಳು ಬೇಗನೆ ಬೆದೆಗೆ ಬಂದು ಅದೇ ಗಂಡನ್ನು ಕೂಡಿದವು. ಇದು ಆಕಸ್ಮಿಕವೇ ಎಂದು ಪರೀಕ್ಷಿಸಲು ಸುಗಿಯಾಮಾ ಬೇರೊಂದು ಹಿಂಡಿನ ಏಕೈಕ ಗಂಡನ್ನು ಬೇಕೆಂದೇ ಹೊರತೆಗೆದರು. ಅಲ್ಲಿಗೂ ಹೊರಗಿನ ಗಂಡು ಬಂತು, ಅಲ್ಲಿಯೂ ಮರಿಗಳು ಸತ್ತವು. ಇಂಥ ಪ್ರಯೋಗಕ್ಕೆ ಇಂದು ಯಾವ ನೀತಿ ಸಮಿತಿಯೂ ಒಪ್ಪಿಗೆ ಕೊಡಲಾರದು, ಕೊಡಲೂಬಾರದು. 1965ರಲ್ಲಿ ಜಪಾನಿನ ‘ಪ್ರೈಮೇಟ್ಸ್’ ಪತ್ರಿಕೆಯಲ್ಲಿ ಈ ವರದಿ ಅಚ್ಚಾದಾಗ ಧಾರವಾಡದ ಹೆಸರು ವಾನರ ವಿಜ್ಞಾನದಲ್ಲಿ ಶಾಶ್ವತವಾಗಿ ನಿಂತಿತು. ಧಾರವಾಡದ ಹೆಮ್ಮೆಗಳನ್ನು ಹೇಳುವಾಗ ಪೇಡೆ, ಸಂಗೀತ, ಸಾಹಿತ್ಯದ ಸಾಲಿನಲ್ಲಿ ಇದು ಬಾರದಿರುವುದು ಬೇಸರದ ವಿಷಯ.

ಗಂಡು ಮರಿಯನ್ನು ಕೊಲ್ಲುವುದೇಕೆ? ಹೈನು ಕಟ್ಟಿದ ನಮ್ಮ ಕಡೆಯ ರೈತರಿಗೆ ಇದರ ಅರ್ಧ ಉತ್ತರ ಮೊದಲೇ ಗೊತ್ತು. ಕರು ಸದಾ ಮೊಲೆಯುಣ್ಣುತ್ತಿದ್ದರೆ ಎಮ್ಮೆ ಬೆದೆಗೆ ಬರುವುದು ತಡವಾಗುತ್ತದೆ. ಕರು ಸತ್ತರೆ ಅಥವಾ ಮೊಲೆ ಬಿಡಿಸಿದರೆ ಬೇಗ ಬರುತ್ತದೆ, ಬೇಗ ಗಬ್ಬ ನಿಲ್ಲುತ್ತದೆ. ಮೊಲೆಯುಣಿಸುವಿಕೆಯೇ ಅಂಡಾಶಯವನ್ನು ತಡೆದು ಹಿಡಿಯುತ್ತದೆ. ಮುಸುವದ ಮೈಯಲ್ಲಿ ನಡೆಯುವುದೂ ಇದೇ. ಅದರ ಬಸಿರು ಸುಮಾರು 200 ದಿನ, ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಮೊಲೆಹಾಲು. ಹಿಂಡು ಗೆದ್ದ ಗಂಡಿನ ಯಜಮಾನಿಕೆಯಾದರೋ ಸರಾಸರಿ ಎರಡು ವರ್ಷ ಚಿಲ್ಲರೆ. ಬೇರೆ ಗಂಡಿನ ಮರಿಗಳು ಮೊಲೆ ಬಿಡುವವರೆಗೆ ಕಾದು ಕೂತರೆ, ತನ್ನ ಮರಿಗಳು ಹುಟ್ಟಿ ಗಟ್ಟಿಯಾಗುವ ಮೊದಲೇ ಇನ್ನೊಂದು ಗಂಡು ಬಂದು ತನ್ನನ್ನು ಓಡಿಸಬಹುದು. ಕಾಯದೆ ಕೊಂದ ಗಂಡುಗಳ ಸಂತಾನವೇ ಹೆಚ್ಚು ಉಳಿದು ಬಂದಿದೆ ಎಂಬ ವಿವರಣೆಯನ್ನು ಬೆಳೆಸಿದವರು ಅಮೆರಿಕದ ಸಾರಾ ಬ್ಲಾಫರ್ ಹರ್ಡಿ. ಅವರು 1971ರಿಂದ ರಾಜಸ್ಥಾನದ ಅಬು ಪರ್ವತದಲ್ಲಿ ಮುಸುವಗಳನ್ನು ನೋಡಿದರು. ಜೋಧಪುರದಲ್ಲಿ ಎಸ್. ಎಂ. ಮೊಹ್ನೋತ್ ಅಷ್ಟರಲ್ಲೇ ಇಂಥ ಘಟನೆಗಳನ್ನು ದಾಖಲಿಸಿದ್ದರು. ಗಂಡು ಹೀಗೆ ಲೆಕ್ಕ ಹಾಕಿ ಕೊಲ್ಲುತ್ತದೆಂದು ಯಾರೂ ಹೇಳುತ್ತಿಲ್ಲ. ಲೆಕ್ಕ ಹಾಕಿದ್ದು ಸಾವಿರಾರು ತಲೆಮಾರುಗಳ ನಿಸರ್ಗದ ಆಯ್ಕೆ.

ಇದಕ್ಕೆ ಬಂದ ಆಕ್ಷೇಪ ಸಣ್ಣದಲ್ಲ. ಸುಗಿಯಾಮಾಗಿಂತ ಮೊದಲೇ ಉತ್ತರ ಭಾರತದಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದ್ದ ಫಿಲಿಸ್ ಜೇ ಕಂಡದ್ದು ಶಾಂತ ಹಿಂಡುಗಳನ್ನು. ಮುಂದೆ ಡಾಲ್ಹಿನೋ ಎಂಬ ಹೆಸರಿನಲ್ಲಿ ಬರೆದ ಅವರ ವಾದ ಹೀಗಿತ್ತು: ಧಾರವಾಡದಂಥ ಜಾಗಗಳಲ್ಲಿ ಕಾಡು ಕಡಿದು, ಹೊಲ ಒತ್ತಿ, ಮುಸುವಗಳು ಕಿಕ್ಕಿರಿದಿವೆ, ಮನುಷ್ಯನ ಒತ್ತಡದಲ್ಲಿ ಕೆಟ್ಟ ನಡತೆಯನ್ನು ಸಹಜ ನಡತೆ ಎನ್ನಬೇಡಿ. ಇದನ್ನು ಮಾತಿನಿಂದ ತಳ್ಳಿಹಾಕಲು ಬರುತ್ತಿರಲಿಲ್ಲ. ತೀರ್ಮಾನ ಹತ್ತಿರವಾದದ್ದು ಸುಗಿಯಾಮಾ ವರದಿ ಬಂದು ಮೂರು ದಶಕಗಳ ನಂತರ, ನೇಪಾಳದ ರಾಮನಗರದ ಕಾಡಿನಲ್ಲಿ. ಕರೋಲಾ ಬೊರೀಸ್ ಮತ್ತು ಸಂಗಡಿಗರು ಅಲ್ಲಿನ ಮುಸುವಗಳ ಮಲದಿಂದ ಡಿಎನ್‌ಎ ತೆಗೆದು ಹೋಲಿಸಿ 1999ರಲ್ಲಿ ಪ್ರಕಟಿಸಿದರು. ದಾಳಿ ಮಾಡಿದ ಗಂಡುಗಳಲ್ಲಿ ಯಾವುದೂ ತಾನು ದಾಳಿ ಮಾಡಿದ ಮರಿಯ ತಂದೆಯಾಗಿರಲಿಲ್ಲ. ಬರೀ ತಲೆಕೆಟ್ಟ ನಡತೆಯಾಗಿದ್ದರೆ ಸ್ವಂತ ಮರಿ, ಪರರ ಮರಿ ಎಂಬ ಭೇದ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. 2014ರಲ್ಲಿ 260 ಸಸ್ತನಿ ಜಾತಿಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ 119 ಜಾತಿಗಳಲ್ಲಿ ಗಂಡುಗಳಿಂದ ಮರಿಹತ್ಯೆ ಕಂಡುಬಂತು. ಕೆಲವೇ ಗಂಡುಗಳು ಸಂತಾನದ ಅವಕಾಶವನ್ನೆಲ್ಲ ಹಿಡಿದಿಟ್ಟುಕೊಳ್ಳುವ ಸಮಾಜಗಳಲ್ಲೇ ಅದು ಹೆಚ್ಚು. ಡಾಲ್ಹಿನೋ ಅವರ ಎಚ್ಚರಿಕೆ ಮಾತ್ರ ವ್ಯರ್ಥವಾಗಲಿಲ್ಲ. ಮನುಷ್ಯನ ಇರುವಿಕೆ ಪ್ರಾಣಿಯ ನಡತೆಯನ್ನು ಬದಲಿಸಬಲ್ಲದು ಎಂಬ ಅವರ ಮೂಲ ಶಂಕೆ ಆಫ್ರಿಕಾದಲ್ಲಿ ಬೇರೆ ರೀತಿಯಲ್ಲಿ ನಿಜವಾಯಿತು.

ಜೇನ್ ಗುಡಾಲ್ 1960ರಲ್ಲಿ ಟಾಂಜಾನಿಯಾದ ಗೊಂಬೆಗೆ ಹೋದಾಗ ಚಿಂಪಾಂಜಿಗಳು ಹತ್ತಿರ ಬಿಟ್ಟುಕೊಳ್ಳದೆ ಓಡಿದವು. ಅವುಗಳನ್ನು ಶಿಬಿರದ ಬಳಿ ಕರೆತಂದದ್ದು ಬಾಳೆಹಣ್ಣು. ಹಣ್ಣಿನ ರಾಶಿ ಇದ್ದಲ್ಲಿ ಚಿಂಪಾಂಜಿಗಳು ಗುಂಪುಗೂಡಿದವು, ಜಗಳ ಹೆಚ್ಚಿತು. ಗುಡಾಲ್ ತಾವೇ ಅದನ್ನು ಗಮನಿಸಿ ಹಣ್ಣು ಹಾಕುವುದನ್ನು ಕಡಿಮೆ ಮಾಡಿದರು. ಆದರೂ ಗೊಂಬೆಯ ಆಕ್ರಮಣಶೀಲತೆಯಲ್ಲಿ ಬಾಳೆಹಣ್ಣಿನ ಪಾಲೆಷ್ಟು ಎಂಬ ವಾದ ದಶಕಗಳ ಕಾಲ ನಡೆಯಿತು. ಲಂಚ ಕೊಟ್ಟು ಪಡೆದ ಸಾಮೀಪ್ಯ ನೋಟವನ್ನೇ ಮಸುಕಾಗಿಸಿತು. ಗೊಂಬೆ ಇಂದಿಗೂ ನಮಗೆ ಕಲಿಸುತ್ತಿರುವುದು ಹಣ್ಣಿನಿಂದಲ್ಲ, ಅರವತ್ತು ವರ್ಷಗಳಿಗೂ ಮೇಲ್ಪಟ್ಟ ದಿನಚರಿಯಿಂದ.

ಸಾಮೀಪ್ಯದ ಇನ್ನೊಂದು ಬೆಲೆ ರೋಗ. ಕರ್ನಾಟಕದವರಿಗೆ ಇದನ್ನು ಬಹಳ ವಿವರಿಸಬೇಕಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬಿದ್ದು, ಹಿಂದೆಯೇ ಜನರೂ ಜ್ವರದಿಂದ ಸತ್ತಾಗ ವಾನರರಿಗೂ ನಮಗೂ ನಡುವಿನ ಗೋಡೆ ಎಷ್ಟು ತೆಳುವೆಂದು ನಾವು ಕಂಡಿದ್ದೇವೆ. ಅಲ್ಲಿ ನಡುವೆ ರೋಗ ಹರಡುವ ಉಣ್ಣಿ ಇತ್ತು. ಮಳೆಕಾಡಿನ ಗೊರಿಲ್ಲಾಗೆ ನಮ್ಮ ಕೆಮ್ಮೇ ಸಾಕು. 2009ರಲ್ಲಿ ರುವಾಂಡಾದ ಒಂದು ಗೊರಿಲ್ಲಾ ಗುಂಪಿನಲ್ಲಿ ಮನುಷ್ಯರ ನೆಗಡಿಗೆ ಕಾರಣವಾಗುವ ಮೆಟಾನ್ಯೂಮೋ ವೈರಸ್ ಹಬ್ಬಿ ಎರಡು ಸತ್ತವು. 2013ರಲ್ಲಿ ಉಗಾಂಡಾದ ಕಿಬಾಲೆಯಲ್ಲಿ ನೆಗಡಿಯದೇ ಇನ್ನೊಂದು ವೈರಸ್ಸಿಗೆ ಐದು ಚಿಂಪಾಂಜಿಗಳು ಬಲಿಯಾದವು. ಧಾರವಾಡದ ಸುಗಿಯಾಮಾ 1976ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶದ ಬೊಸೂ ಎಂಬಲ್ಲಿ ಚಿಂಪಾಂಜಿಗಳ ಅಧ್ಯಯನ ಶುರುಮಾಡಿದ್ದರು. ಕಲ್ಲಿನ ಮೇಲೆ ತಾಳೆಬೀಜವನ್ನಿಟ್ಟು ಇನ್ನೊಂದು ಕಲ್ಲಿನಿಂದ ಒಡೆದು ತಿನ್ನುವ ಚಿಂಪಾಂಜಿಗಳೆಂದು ಹೆಸರಾದವು ಅವೇ. ಅಲ್ಲಿನ ಮಾನೋ ಜನ ನಾವು ಹನುಮನ ಕುಲವೆಂದು ಮುಸುವವನ್ನು ಗೌರವಿಸುವಂತೆಯೇ ಅವುಗಳನ್ನು ಪೂಜ್ಯವೆಂದು ಕಾಪಾಡಿಕೊಂಡು ಬಂದವರು. 2003ರ ಕೊನೆಯಲ್ಲಿ ಉಸಿರಾಟದ ಸೋಂಕೊಂದು ಹಬ್ಬಿ ಅಲ್ಲಿದ್ದ ಹತ್ತೊಂಬತ್ತು ಚಿಂಪಾಂಜಿಗಳಲ್ಲಿ ಐದು ತೀರಿಕೊಂಡವು.

ಒಂದು ಗುಂಪಿಗೆ ದಿನಕ್ಕೆ ಎಂಟೇ ಜನ, ಒಂದೇ ತಾಸು, ಮುಖಕ್ಕೆ ಮಾಸ್ಕು, ಮೊದಲು ಏಳು ಮೀಟರ್ ಇದ್ದು ಕೋವಿಡ್ ನಂತರ ಹತ್ತಾದ ಅಂತರ ಎಂಬ ನಿಯಮಗಳು ಹುಟ್ಟಿದ್ದು ಈ ಭಯದಿಂದ. ಚಿಕ್ಕ ತಂಡ ಎಂಬುದು ಪ್ರವಾಸಿಗೆ ಕೊಡುವ ವಿಶೇಷ ಸತ್ಕಾರವಲ್ಲ, ಗೊರಿಲ್ಲಾದ ಶ್ವಾಸಕೋಶಕ್ಕೆ ಕಟ್ಟಿದ ಬೇಲಿ. ಆ ಬೇಲಿಯೂ ಭದ್ರವಾಗಿಲ್ಲ. ಉಗಾಂಡಾದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಸಹಲೇಖಕಿಯಾಗಿದ್ದ 2020ರ ಅಧ್ಯಯನದ ಪ್ರಕಾರ, ಬ್ವಿಂಡಿಯಲ್ಲಿ ಗಮನಿಸಿದ ಭೇಟಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚಿನವುಗಳಲ್ಲಿ ಏಳು ಮೀಟರಿನ ನಿಯಮ ಮುರಿದಿತ್ತು. ಕೆಲವೊಮ್ಮೆ ಗೊರಿಲ್ಲಾವೇ ಹತ್ತಿರ ಬರುತ್ತದೆ, ನಿಜ. ಆದರೆ ‘ಹತ್ತಿರದಿಂದ ದರ್ಶನ’ ಎಂದು ಹಣ ಪಡೆದವರು ಹಿಂದೆ ಸರಿಯಿರಿ ಎಂದು ಗಿರಾಕಿಗೆ ಹೇಳುವುದು ಕಷ್ಟ.

ಪ್ರವಾಸಿಗರಿಲ್ಲದಿದ್ದರೆ ಗೊರಿಲ್ಲಾಗಳೇ ಉಳಿಯುತ್ತಿರಲಿಲ್ಲ ಎಂಬುದು ಇದಕ್ಕೆ ಬರುವ ಉತ್ತರ. ಅದರಲ್ಲಿ ಬಹುಪಾಲು ಸತ್ಯವಿದೆ. ಈಚಿನ ಗಣತಿಗಳನ್ನು ಕೂಡಿಸಿದರೆ ಬೆಟ್ಟದ ಗೊರಿಲ್ಲಾಗಳ ಸಂಖ್ಯೆ 1063. ಅವು ಅಳಿವಿನ ಅತಿ ತೀವ್ರ ಅಪಾಯದ ಪಟ್ಟಿಯಿಂದ 2018ರಲ್ಲಿ ಒಂದು ಮೆಟ್ಟಿಲು ಸುಧಾರಿಸಿದವು. ಕಾವಲುಗಾರರ ಸಂಬಳ, ಪಶುವೈದ್ಯರ ಓಡಾಟ ಪರ್ಮಿಟ್ಟಿನ ಹಣದ ಮೇಲೆ ನಿಂತಿವೆ. ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದ 1991ರಲ್ಲಿ ತಲೆತಲಾಂತರದಿಂದ ಅಲ್ಲಿದ್ದ ಬಾಟ್ವಾ ಜನ ಕಾಡು ಕಳೆದುಕೊಂಡರು. ಆ ಲೆಕ್ಕವನ್ನೂ ಇದರ ಪಕ್ಕದಲ್ಲೇ ಬರೆಯಬೇಕು. ಆದರೂ ಪ್ರವಾಸದ ಪರವಾದ ಈ ವಾದ ಹಣದ ಅಗತ್ಯವನ್ನು ಸಾಧಿಸುತ್ತದೆಯೇ ಹೊರತು ಸಾಮೀಪ್ಯದ ಅಗತ್ಯವನ್ನಲ್ಲ. 2017ರಲ್ಲಿ ರುವಾಂಡಾ ಪರ್ಮಿಟ್ಟಿನ ದರವನ್ನು 750ರಿಂದ 1500 ಡಾಲರಿಗೆ ಏರಿಸಿತು. ಎಂಟು ಜನರ ಮಿತಿ ಹಾಗೆಯೇ ಉಳಿಯಿತು. ಜನ ಹೆಚ್ಚದೆಯೂ ಆದಾಯ ಬೆಳೆಯಬಲ್ಲದು ಎಂದ ಮೇಲೆ, ಹತ್ತು ಮೀಟರಿನಾಚೆ ನಿಂತು ದುರ್ಬೀನಿನಿಂದ ನೋಡುವ ಪ್ರವಾಸಿಯ ಹಣವೂ ಕಾಡಿಗೆ ಅಷ್ಟೇ ಕೆಲಸಕ್ಕೆ ಬರುತ್ತದೆ.

ಕಾಲ ಕೊಟ್ಟು ನೋಡಿದ್ದರ ಫಲ ಗೊರಿಲ್ಲಾ ರಕ್ಷಣೆಗೂ ಬಂತು. ಡಯಾನ್ ಫಾಸಿ 1967ರಲ್ಲಿ ರುವಾಂಡಾದ ಕರಿಸೋಕೆಯಲ್ಲಿ ನೆಲೆ ಹೂಡಿ ವರ್ಷಗಟ್ಟಲೆ ನೋಡಿದ ಮೇಲೆ ಗೊರಿಲ್ಲಾಗಳಲ್ಲೂ ಧಾರವಾಡದ ನಿಯಮವೇ ಕಂಡಿತು. 1978ರಲ್ಲಿ ಅಂಕಲ್ ಬರ್ಟ್ ಎಂದು ಅವರು ಕರೆಯುತ್ತಿದ್ದ ಬೆಳ್ಳಿಬೆನ್ನಿನ ಯಜಮಾನನನ್ನು ಕಳ್ಳಬೇಟೆಗಾರರು ಕೊಂದರು. ಕಾಯುವ ಯಜಮಾನ ಹೋದ ಮೇಲೆ ಆ ಗುಂಪಿನ ಎಳೆಯ ಮರಿಯನ್ನು ಇನ್ನೊಂದು ಗಂಡು ಕೊಂದಿತು. ಒಂದು ಗುಂಡಿಗೆ ಸತ್ತ ಗೊರಿಲ್ಲಾ ಒಂದೇ ಅಲ್ಲ, ಅದರ ಹಿಂದೆ ಮೊಲೆಯುಣ್ಣುವ ಮರಿಗಳೂ ಹೋಗಬಹುದು ಎಂದು ಕಾವಲು ವ್ಯವಸ್ಥೆಗೆ ತಿಳಿದದ್ದು ಹೀಗೆ. ಒಂದಕ್ಕಿಂತ ಹೆಚ್ಚು ಬೆಳ್ಳಿಬೆನ್ನುಗಳಿರುವ ಗುಂಪುಗಳಲ್ಲಿ ಮರಿಹತ್ಯೆ ಕಡಿಮೆ ಎಂಬುದು ಗೊತ್ತಾಗಲು ಮತ್ತೂ ದಶಕಗಳು ಹಿಡಿದವು. ಎಷ್ಟೇ ಹತ್ತಿರ ಹೋದರೂ ಒಂದು ತಾಸಿನಲ್ಲಿ ಇದು ಕಾಣುವಂಥದ್ದಲ್ಲ. ಪ್ರವಾಸಿಯ ಎದುರು ಗೊರಿಲ್ಲಾ ಓಡದೆ ಕೂತು ಎಲೆ ಮೆಲ್ಲುವುದು ಕೂಡ, ಮೊದಲು ವರ್ಷಗಟ್ಟಲೆ ದಿನವೂ ಹೋಗಿ ಅದನ್ನು ಮನುಷ್ಯನಿಗೆ ಒಗ್ಗಿಸಿದ ಸ್ಥಳೀಯ ಕಾವಲುಗಾರರ ದುಡಿಮೆಯ ಫಲ.

ಹಾಗಾದರೆ ಹೋಗಲೇಬಾರದೇ? ಹೋಗಬಹುದು. ಹೊರಡುವ ಮೊದಲು ಕಂಪನಿಗೆ ಎಷ್ಟು ಹತ್ತಿರ ಕರೆದೊಯ್ಯುತ್ತೀರಿ ಎಂದು ಕೇಳದೆ, ನೆಗಡಿಯಾದವನನ್ನು ಪರ್ಮಿಟ್ಟಿದ್ದರೂ ಶಿಬಿರದಲ್ಲೇ ಉಳಿಸುತ್ತೀರಾ, ಹತ್ತು ಮೀಟರ್ ದಾಟಿದವನನ್ನು ಹಿಂದೆ ಎಳೆಯುತ್ತೀರಾ ಎಂದು ಕೇಳಬೇಕು. ಮಳೆಕಾಡಿನ ವಾನರವೇ ಬೇಕೆಂದರೆ ಸಿರ್ಸಿ–ಹೊನ್ನಾವರದ ಕಾಡಿನಲ್ಲಿ ಸಿಂಗಳೀಕವಿದೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಎಚ್. ಎನ್. ಕುಮಾರ ಅವರ ಸಮೀಕ್ಷೆಗಳು ಅಲ್ಲಿನ ದೊಡ್ಡ ನೆಲೆಯನ್ನು ಬೆಳಕಿಗೆ ತಂದವು, 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಅದಕ್ಕಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಬಂತು. ಅಲ್ಲಿಗೆ ಹೋಗುವವರಿಗೂ ನಿಯಮ ಇದೇ. ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು, ಬಾಳೆಹಣ್ಣು ಎಸೆಯುವವರು ಗೊಂಬೆಯ ತಪ್ಪನ್ನೇ ಮಾಡುತ್ತಿದ್ದಾರೆ, ಜೊತೆಗೆ ಪ್ರಾಣಿಯನ್ನು ಲಾರಿಯ ಗಾಲಿಗೆ ಕರೆಯುತ್ತಿದ್ದಾರೆ. ಖರ್ಚಿಲ್ಲದ ದಾರಿಯೂ ಒಂದಿದೆ. ಊರ ಅಂಚಿನ ಆಲದ ಮರಕ್ಕೆ ಬರುವ ಮುಸುವಗಳ ಹಿಂಡಿನಲ್ಲಿ ಹರಿದ ಕಿವಿಯದು ಯಾವುದು, ಮೊಂಡು ಬಾಲದ್ದು ಯಾವುದು, ಯಾರ ಮರಿ ಯಾರ ಮಡಿಲಿಗೆ ಹೋಗುತ್ತದೆ ಎಂದು ಶಾಲೆಯ ಮಕ್ಕಳು ದೂರ ಕೂತು ಒಂದು ವರ್ಷ ನೋಟುಬುಕ್ಕಿನಲ್ಲಿ ಬರೆದಿಡಲಿ. ಇಮಾನಿಶಿಯ ಶಿಷ್ಯರು ಧಾರವಾಡದಲ್ಲಿ ಮೊದಲು ಮಾಡಿದ ಕೆಲಸವೂ ಅದೇ.